ಹಗ್ಗ ತೆಗೆದ ಮೇಲೆ: ಶಾಲಾ ನಾಟಕವೊಂದರ ಗಲ್ಲಿನ ದೃಶ್ಯ

ಇದು ಚಿತ್ರದುರ್ಗ ಜಿಲ್ಲೆಯ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ನಡೆದದ್ದು. ಶಾಲೆಯ ಹೆಸರು, ಊರಿನ ಹೆಸರು, ಮಕ್ಕಳ ಹೆಸರು ಯಾವುದನ್ನೂ ಇಲ್ಲಿ ಬರೆಯುತ್ತಿಲ್ಲ. ಗುರುತು ಸಿಗಬಾರದೆಂದು ಒಂದೆರಡು ಸಣ್ಣ ವಿವರಗಳನ್ನು ಬದಲಿಸಿದ್ದೇನೆ. ನಾನು ದಾವಣಗೆರೆಯವನು, ಶಾಲೆಗಳಿಗೆ ಹೋಗಿ ಮಕ್ಕಳಿಂದ ನಾಟಕ ಮಾಡಿಸುವವನು. ಆಗಸ್ಟ್ 15, ಜನವರಿ 26 ಬಂತೆಂದರೆ ನಮ್ಮ ಕಡೆ ಎಷ್ಟೋ ಶಾಲೆಗಳಲ್ಲಿ ಗಲ್ಲಿನ ದೃಶ್ಯ ಇರುವ ನಾಟಕ ಇದ್ದೇ ಇರುತ್ತದೆ. ಭಗತ್ ಸಿಂಗ್ ಇಲ್ಲವೇ ರಾಯಣ್ಣ. ಅಂಥ ದೃಶ್ಯವನ್ನು ಅಭ್ಯಾಸ ಮಾಡುವಾಗಲೇ ಮಕ್ಕಳು ಜೀವ ಕಳೆದುಕೊಂಡ ಸುದ್ದಿಯನ್ನೂ ನಾವೆಲ್ಲ ಪೇಪರ್‌ನಲ್ಲಿ ಓದಿದ್ದೇವೆ. ಓದಿ, ಮನಸ್ಸು ಕೆಡಿಸಿಕೊಂಡು, ಮುಂದಿನ ವರ್ಷ ಮತ್ತೆ ಅದೇ ದೃಶ್ಯ ಇಡುತ್ತೇವೆ. ಅದಕ್ಕೇ ಇದನ್ನು ಪೂರ್ತಿಯಾಗಿ ಬರೆಯಬೇಕು ಅನ್ನಿಸಿತು. ನಾನು ಮಾಡಿದ ತಪ್ಪನ್ನೂ ಸೇರಿಸಿ.

ಶುರುವಾದದ್ದು ಹೀಗೆ

ಡಿಸೆಂಬರ್ ಮೊದಲ ವಾರ ಆ ಶಾಲೆಯ ಕನ್ನಡ ಮೇಷ್ಟ್ರು ಫೋನ್ ಮಾಡಿದರು. ಗಣರಾಜ್ಯೋತ್ಸವದ ಸಂಜೆಗೆ ಸಂಗೊಳ್ಳಿ ರಾಯಣ್ಣನ ನಾಟಕ ಆಗಬೇಕು, ನಲವತ್ತು ನಿಮಿಷದ್ದು, ಬರೆದಿಟ್ಟಿದ್ದೇನೆ, ಬಂದು ಕೂಡಿಸಿಕೊಡಿ ಎಂದರು. ಶಾಲೆಯನ್ನು ನೋಡಿಕೊಳ್ಳುವ ಊರಿನವರ ಸಮಿತಿ, ಎಸ್‌ಡಿಎಂಸಿಯ ಅಧ್ಯಕ್ಷರು ಆಗಲೇ ಊರಿಗೆಲ್ಲ ಹೇಳಿಕೊಂಡು ಬಂದಿದ್ದರು. ಶಾಮಿಯಾನ, ಮೈಕ್ ಸೆಟ್ ಎರಡರ ಖರ್ಚೂ ಅವರದೇ.

ದಿನದ ಆಯ್ಕೆ ಚೆನ್ನಾಗಿತ್ತು. ರಾಯಣ್ಣನನ್ನು ನಂದಗಡದ ಹತ್ತಿರ ಗಲ್ಲಿಗೇರಿಸಿದ್ದು 1831ರ ಜನವರಿ 26ರಂದು. ಹುಟ್ಟಿದ್ದು 1798ರ ಆಗಸ್ಟ್ 15 ಎನ್ನುತ್ತಾರೆ. ಎರಡೂ ಈಗ ಬಾವುಟ ಹಾರಿಸುವ ದಿನಗಳು. ಇದನ್ನು ಹೇಳಿದಾಗ ಮಕ್ಕಳ ಕಣ್ಣು ದೊಡ್ಡದಾಗಿದ್ದು ನನಗೆ ಇನ್ನೂ ನೆನಪಿದೆ.

ಮೇಷ್ಟ್ರು ಬರೆದ ನಾಟಕದಲ್ಲಿ ಐದು ದೃಶ್ಯ. ಕಿತ್ತೂರು ಕೋಟೆ, ಚೆನ್ನಮ್ಮನ ಸೆರೆ, ಕಾಡಿನಲ್ಲಿ ರಾಯಣ್ಣನ ಪಡೆ, ಮೋಸದಿಂದ ಅವನನ್ನು ಹಿಡಿದದ್ದು, ಕೊನೆಗೆ ಗಲ್ಲು. ಮೊದಲ ನಾಲ್ಕು ಓಡುತ್ತಿದ್ದವು. ಐದನೆಯದು ಹದಿನೈದು ನಿಮಿಷ. ಮರ, ಕೊಂಬೆ, ಹಗ್ಗ, ಮುಸುಕು, ಗಲ್ಲಿಗೇರಿಸುವವ, ಕುದುರೆ ಮೇಲೆ ಸಾಹೇಬ, ಘೋಷಣೆ. ಓದಿದ ಕೂಡಲೇ ಅನ್ನಿಸಿತು: ಊರಿನವರಿಗೆ ಬೇಕಾಗಿರುವುದು ಈ ಐದನೆಯದು, ಉಳಿದದ್ದೆಲ್ಲ ಅಲ್ಲಿಗೆ ಹೋಗುವ ದಾರಿ ಅಷ್ಟೇ. ಆಗ ನಾನು ಅದನ್ನು ತಪ್ಪು ಅಂದುಕೊಳ್ಳಲಿಲ್ಲ. ನಾಟಕ ಅಂದರೆ ಕೊನೆಯಲ್ಲಿ ಏಟು ಬೀಳಬೇಕು ಅಂತಲೇ ನಾನೂ ಕಲಿತವನು.

ರಾಯಣ್ಣನ ಪಾತ್ರಕ್ಕೆ ಒಂಬತ್ತನೇ ತರಗತಿಯ ಹುಡುಗ. ಒಳ್ಳೆಯ ಗಂಟಲು, ನೆಟ್ಟಗೆ ನಿಲ್ಲುತ್ತಾನೆ. ಹಗ್ಗ ತಂದವನೂ ಅವನೇ. ಮನೆಯಲ್ಲಿ ಕರು ಕಟ್ಟಲು ತಂದಿದ್ದ ಹೊಸ ಹಗ್ಗ.

ಬೆಂಚು ಅಲುಗಾಡಿದ ದಿನ

ಮೂರನೇ ದಿನದ ಅಭ್ಯಾಸ. ನಾನು ಹತ್ತಡಿ ದೂರದಲ್ಲಿ ನಿಂತು ಮೇಷ್ಟ್ರ ಜೊತೆ ಸಂಭಾಷಣೆ ತಿದ್ದುತ್ತಿದ್ದೆ. ಮಕ್ಕಳು ಶಾಲೆಯ ಬೇವಿನ ಮರದ ಕೆಳಗೆ ಬೆಂಚು ಹಾಕಿಕೊಂಡು ಐದನೇ ದೃಶ್ಯವನ್ನು ತಾವೇ ಮಾಡಿ ನೋಡುತ್ತಿದ್ದರು. ಹಗ್ಗ ಸುಮ್ನೆ ತೋರಿಕೆಗೆ ಅಂತ ನಾನೇ ಒಪ್ಪಿದ್ದೆ. ನೆಲ ಸಮ ಇರಲಿಲ್ಲ. ಬೆಂಚಿನ ಒಂದು ಕಾಲು ಮೇಲೆದ್ದಿತು, ಹುಡುಗ ವಾಲಿದ. ಸಿಪಾಯಿ ಪಾತ್ರದ ಇನ್ನೊಬ್ಬ ಹುಡುಗ ಅವನ ಸೊಂಟ ಹಿಡಿದು ಕೆಳಗಿಳಿಸಿದ. ಅಷ್ಟೇ. ಏನೂ ಆಗಲಿಲ್ಲ. ಮಕ್ಕಳು ನಕ್ಕರು.

ನನಗೆ ಕೈಕಾಲು ತಣ್ಣಗಾಯಿತು. ಹತ್ತಡಿ ದೂರದಲ್ಲಿದ್ದೆ, ನೋಡುತ್ತಲೂ ಇರಲಿಲ್ಲ.

ಅವತ್ತು ಮೇಷ್ಟ್ರು ಮತ್ತು ನಾನು ಮಾಡಿದ ಮೊದಲ ತೀರ್ಮಾನಕ್ಕೆ ಚರ್ಚೆಯೇ ಬೇಕಾಗಲಿಲ್ಲ. ಹಗ್ಗ ಮನೆಗೆ ವಾಪಸ್. ಕುತ್ತಿಗೆಯ ಹತ್ತಿರ ಯಾವುದೂ ಬರಬಾರದು. ದಾರ, ಟವೆಲ್, ದುಪ್ಪಟ್ಟಾ, ಯಾವುದೂ. ಮಕ್ಕಳು ಎತ್ತರದಲ್ಲಿ ನಿಲ್ಲುವ ದೃಶ್ಯವೇ ಬೇಡ. ದೊಡ್ಡವರಿಲ್ಲದೆ ಅಭ್ಯಾಸ ಇಲ್ಲ. ಹುಡುಗನ ಮನೆಗೂ ನಾವಿಬ್ಬರೇ ಹೋಗಿ, ನಡೆದದ್ದನ್ನು ಮುಚ್ಚಿಡದೆ ಹೇಳಿದೆವು. ಅವನ ತಾಯಿ ಬೈಯಲಿಲ್ಲ. ಸ್ವಲ್ಪ ಹೊತ್ತು ಸುಮ್ಮನಿದ್ದು, "ನೀವು ಅಲ್ಲೇ ಇದ್ರಲ್ಲ ಸಾರ್" ಎಂದರು. ಅದು ಪ್ರಶ್ನೆಯೋ ನಂಬಿಕೆಯೋ ನನಗೆ ಗೊತ್ತಾಗಲಿಲ್ಲ. ಇದನ್ನು ಓದುವ ಯಾವ ಮೇಷ್ಟ್ರೇ ಆಗಲಿ, ಬೇರೆ ಏನನ್ನು ಬಿಟ್ಟರೂ ಇದೊಂದನ್ನು ಮಾತ್ರ ಬಿಡಬೇಡಿ.

ಆದರೆ ಹಗ್ಗ ತೆಗೆದ ಮಾತ್ರಕ್ಕೆ ಸಮಸ್ಯೆ ಮುಗಿಯಲಿಲ್ಲ. ನಿಜ ಹೇಳಬೇಕೆಂದರೆ ಅಲ್ಲಿಂದಲೇ ಅದು ಶುರುವಾಯಿತು.

ಬಿಳಿ ಪರದೆ, ಶಿಳ್ಳೆ

ಹಗ್ಗ ಇಲ್ಲದೆ ಗಲ್ಲು ತೋರಿಸುವುದು ಹೇಗೆ? ನಾಟಕದವರಿಗೆ ಮೊದಲು ಹೊಳೆಯುವುದು ನೆರಳು. ಬಿಳಿ ಪಂಚೆ ಎರಡು ಹೊಲಿದು ಪರದೆ ಮಾಡಿದೆವು, ಹಿಂದೆ ಒಂದು ಫೋಕಸ್ ಲೈಟ್, ರಟ್ಟಿನಲ್ಲಿ ಕತ್ತರಿಸಿದ ಕಂಬ. ಹುಡುಗ ನೆಲದ ಮೇಲೆಯೇ ನಿಂತು ತಲೆ ಬಾಗಿಸಿದರೆ ಸಾಕು, ನೆರಳು ಎಲ್ಲ ಹೇಳುತ್ತದೆ. ನೋಡಲು ಚೆನ್ನಾಗಿತ್ತು, ಅಪಾಯವೂ ಇರಲಿಲ್ಲ. ನನಗೆ ಖುಷಿಯಾಯಿತು.

ಶನಿವಾರ ಎಂಟನೇ ತರಗತಿಯವರನ್ನು ಕೂರಿಸಿ ತೋರಿಸಿದೆವು. ಗಲ್ಲಿಗೇರಿಸುವವನ ನೆರಳು ಬಂದಾಗ ಶಿಳ್ಳೆ. ಆ ಪಾತ್ರದ ಹುಡುಗ ಮೀಸೆ ತಿರುವಿ, ಹೆಜ್ಜೆ ಹಾಕಿ ಕುಣಿದ, ಇನ್ನೂ ಜಾಸ್ತಿ ಶಿಳ್ಳೆ. ರಾಯಣ್ಣನ ತಲೆ ಬಾಗಿದಾಗ ಚಪ್ಪಾಳೆ. ಹಿಂದಿನ ಸಾಲಿನಿಂದ ಯಾರೋ "ಒನ್ಸ್ ಮೋರ್" ಎಂದು ಕೂಗಿದರು. ಕಂಪನಿ ನಾಟಕಗಳು ಮನೆಮಾತಾಗಿದ್ದ ಸೀಮೆ ನಮ್ಮದು, ಆ ಕೂಗು ಮಕ್ಕಳಿಗೆ ಅಜ್ಜಂದಿರ ಕಾಲದಿಂದ ಬಂದದ್ದು, ಅದರಲ್ಲಿ ಕೆಟ್ಟ ಉದ್ದೇಶ ಇರಲಿಲ್ಲ.

ಪರದೆ ಹಿಂದಿನಿಂದ ರಾಯಣ್ಣನ ಹುಡುಗ ಹೊರಗೆ ಬಂದ. ಮುಖ ಇಳಿದಿತ್ತು.

"ಸಾರ್, ನಾನು ಸತ್ತಾಗ ಯಾಕೆ ಚಪ್ಪಾಳೆ ಹೊಡೆದ್ರು?"

ನನ್ನ ಹತ್ತಿರ ಉತ್ತರ ಇರಲಿಲ್ಲ. ಈ ಪ್ರಕರಣದ ತಿರುವು ಇದೇ. ಬೆಂಚು ಅಲುಗಾಡಿದ್ದರಿಂದ ನಾವು ಹಗ್ಗ ತೆಗೆದೆವು. ಈ ಪ್ರಶ್ನೆಯಿಂದ ಗಲ್ಲನ್ನೇ ತೆಗೆಯಬೇಕಾಯಿತು.

ಅವತ್ತು ದಾವಣಗೆರೆ ಬಸ್ಸಿನಲ್ಲಿ ಕೂತು ಯೋಚಿಸಿದೆ. ಎಂಟನೇ ತರಗತಿಯ ಮಕ್ಕಳು ಕೆಟ್ಟವರಲ್ಲ. ರಾಯಣ್ಣ ಅಂದರೆ ಅವರಿಗೆ ಪ್ರಾಣ. ಆದರೂ ಹಾಗೇಕೆ ಮಾಡಿದರು? ಗಲ್ಲು ಅನ್ನುವುದೇ ಮೊದಲಿನಿಂದ ಒಂದು ರಂಗ ಅಲ್ವಾ? ಎತ್ತರದಲ್ಲಿ ಕಟ್ಟುತ್ತಾರೆ, ಎಲ್ಲರಿಗೂ ಕಾಣುವ ಹಾಗೆ. ದಿನ ಗೊತ್ತು ಮಾಡುತ್ತಾರೆ, ಡಂಗುರ ಹೊಡೆಸುತ್ತಾರೆ. ಆಳುವವರೇ ಕಟ್ಟಿಸಿದ ನಾಟಕ ಅದು. ಜನ ನೋಡಿ ಹೆದರಿಕೊಳ್ಳಲಿ ಎಂದು. ಆದರೆ ಜನ ಹೆದರುವುದರ ಜೊತೆಗೆ ನೋಡುವ ಮಜಾವನ್ನೂ ಕಲಿಯುತ್ತಾರೆ. 1849ರ ನವೆಂಬರ್ 13ರಂದು ಲಂಡನ್ನಿನ ಒಂದು ಜೈಲಿನ ಮುಂದೆ ಗಂಡ ಹೆಂಡತಿ ಇಬ್ಬರನ್ನು ಬಹಿರಂಗವಾಗಿ ಗಲ್ಲಿಗೇರಿಸಿದರು. ಚಾರ್ಲ್ಸ್ ಡಿಕನ್ಸ್ ಅದನ್ನು ನೋಡಲು ಹೋಗಿದ್ದ. ಅವನು ಪತ್ರಿಕೆಗೆ ಬರೆದ ಪತ್ರದಲ್ಲಿ ಜಾಸ್ತಿ ಇರುವುದು ಸತ್ತವರ ಬಗ್ಗೆ ಅಲ್ಲ, ನೋಡಲು ಬಂದವರ ಬಗ್ಗೆ. ಅವರ ಕಿರುಚಾಟ, ನಗು, ಹಾಡು. ಅಪರಾಧಕ್ಕಿಂತ ಆ ಗುಂಪು ಅವನನ್ನು ಕಾಡಿತು. ಇಂಗ್ಲೆಂಡಿನಲ್ಲಿ ಬಹಿರಂಗ ಗಲ್ಲು ನಿಂತದ್ದು 1868ರಲ್ಲಿ. ಫ್ರಾನ್ಸ್ ಇನ್ನೂ ತಡ, 1939ರಲ್ಲಿ.

ಅದೇ 1849ರ ಡಿಸೆಂಬರ್ 22ರಂದು, ರಷ್ಯಾದ ಹಳೆಯ ಕ್ಯಾಲೆಂಡರಿನ ಲೆಕ್ಕದಲ್ಲಿ, ಪೀಟರ್ಸ್‌ಬರ್ಗಿನ ಒಂದು ಚೌಕದಲ್ಲಿ ದಾಸ್ತೊಯೆವ್‌ಸ್ಕಿ ಶಿಕ್ಷೆಗೆ ನಿಂತಿದ್ದ. ಗುಂಡಿಟ್ಟು ಕೊಲ್ಲುವ ಶಿಕ್ಷೆ. ಮೊದಲ ಮೂವರನ್ನು ಕಂಬಕ್ಕೆ ಕಟ್ಟಿ ಆಗಿತ್ತು, ಅವನು ಮುಂದಿನ ಸರದಿಯಲ್ಲಿದ್ದ. ಕೊನೇ ಗಳಿಗೆಯಲ್ಲಿ ದೊರೆ ಶಿಕ್ಷೆ ಬದಲಿಸಿದ ಎಂಬ ಆದೇಶ ಬಂತು. ಅದೆಲ್ಲ ಮೊದಲೇ ನಿಶ್ಚಯವಾಗಿದ್ದ ಆಟ. ಒಂದೇ ವರ್ಷ, ಒಬ್ಬ ಬರಹಗಾರ ಗುಂಪಿನಲ್ಲಿ ನಿಂತು ನೋಡಿದ, ಇನ್ನೊಬ್ಬ ಗುಂಪಿನ ಎದುರು ನಿಂತ. ನಮ್ಮ ನಾಟಕದಲ್ಲಿ ಇವೆರಡೂ ಇರಲಿಲ್ಲ. ನಾವು ಮೂರನೆಯ ಜಾಗದಲ್ಲಿ ನಿಂತಿದ್ದೆವು. ಕುದುರೆ ಮೇಲಿನ ಸಾಹೇಬನ ಜಾಗ. ಅವನು ಜನರಿಗೆ ಏನು ತೋರಿಸಬೇಕು ಅಂದುಕೊಂಡಿದ್ದನೋ ಅದನ್ನೇ, 190 ವರ್ಷ ಆದ ಮೇಲೆ, ಅವನ ಪರವಾಗಿ ನಾವು ಇನ್ನೊಂದು ಸಲ ತೋರಿಸುತ್ತಿದ್ದೆವು.

ಇದು ಹೊಳೆದ ಮೇಲೆ ನನಗೆ ನೆರಳಿನ ದೃಶ್ಯವನ್ನು ಮತ್ತೆ ನೋಡಲು ಆಗಲಿಲ್ಲ.

ಗಲ್ಲಿಗೇರಿಸುವವನ ಕೈ

ಸೋಮವಾರ ನಾಟಕ ಬಿಟ್ಟು ಮಕ್ಕಳಿಗೆ ಕಥೆ ಹೇಳಿದೆವು. ಶೂದ್ರಕನ ಮೃಚ್ಛಕಟಿಕದ ಕೊನೆಯ ಅಂಕ. ಮಾಡದ ಕೊಲೆಗಾಗಿ ಚಾರುದತ್ತನನ್ನು ಬೀದಿಯಲ್ಲಿ ಕರೆದುಕೊಂಡು ಹೋಗುತ್ತಿದ್ದಾರೆ. ಅಲ್ಲಲ್ಲಿ ನಿಲ್ಲಿಸಿ, ಡೋಲು ಬಡಿದು, ಅವನ ಅಪರಾಧ ಸಾರುತ್ತಾರೆ. ಪುಟ್ಟ ಮಗ ಬಂದು ಅಪ್ಪನ ಬದಲು ನನ್ನನ್ನು ಕೊಲ್ಲಿ ಅನ್ನುತ್ತಾನೆ. ಕೊಲ್ಲುವ ಕೆಲಸದ ಇಬ್ಬರು ಇವತ್ತು ಸರದಿ ನಿನ್ನದು, ನಿನ್ನದು ಎಂದು ವಾದ ಮಾಡುತ್ತಾರೆ. ಅವರಲ್ಲೊಬ್ಬನಿಗೆ ಅವನಪ್ಪ ಸಾಯುವಾಗ ಒಂದು ಮಾತು ಹೇಳಿದ್ದ: ನಿನ್ನ ಸರದಿ ಬಂದರೆ ಅವಸರ ಮಾಡಬೇಡ, ಯಾರಾದರೂ ದುಡ್ಡು ಕೊಟ್ಟು ಬಿಡಿಸಬಹುದು, ರಾಜನಿಗೆ ಮಗ ಹುಟ್ಟಬಹುದು. ಇದನ್ನು ಕೇಳುತ್ತಾ ಗಲ್ಲಿಗೇರಿಸುವವನ ಪಾತ್ರದ ಹುಡುಗ ಮೀಸೆ ತಿರುವುವುದನ್ನು ಮರೆತೇಬಿಟ್ಟ.

ಹರಿಶ್ಚಂದ್ರನ ಕಥೆಯನ್ನು ನಾವು ಹೇಳುವ ಮೊದಲೇ ಮಕ್ಕಳು ಹೇಳಿದರು. ರಾಘವಾಂಕನಿಂದ ಹಿಡಿದು ಊರ ಬಯಲಿನ ನಾಟಕದ ತನಕ ಆ ಕಥೆ ಬಂದಿದೆ. ಚಂದ್ರಮತಿಯ ಮೇಲೆ ಕಾಶಿಯ ರಾಜನ ಮಗುವನ್ನು ಕೊಂದ ಆರೋಪ, ಕತ್ತಿ ಎತ್ತಬೇಕಾದವನು ಗಂಡನೇ. ಆ ದೃಶ್ಯಕ್ಕೆ ಯಾರೂ ಶಿಳ್ಳೆ ಹೊಡೆಯುವುದನ್ನು ನಾನು ಕಂಡಿಲ್ಲ. ಯಾಕೆ ಅಂತ ಮಕ್ಕಳನ್ನೇ ಕೇಳಿದೆ. ಒಬ್ಬ ಹುಡುಗ ಹೇಳಿದ: "ನಾವು ಆಗಲೇ ಸುಡುಗಾಡಲ್ಲಿ ಅವ್ರ ಜೊತೆ ಇರ್ತೀವಲ್ಲ ಸಾರ್." ಮಗ ಹಾವು ಕಚ್ಚಿ ಸತ್ತದ್ದನ್ನು ನೋಡಿರುತ್ತೇವೆ, ಅವಳು ಕತ್ತಲಲ್ಲಿ ಹೆಣ ಹೊತ್ತು ತಂದದ್ದನ್ನು ನೋಡಿರುತ್ತೇವೆ. ನಾವು ನೋಡಲು ಬಂದವರಲ್ಲ, ಜೊತೆಗೆ ಬಂದವರು. ನಾನು ಇಷ್ಟು ವರ್ಷದಲ್ಲಿ ಓದಿದ ಎಷ್ಟೋ ನಾಟಕದ ಪಾಠಕ್ಕಿಂತ ಆ ಹುಡುಗನ ಮಾತು ನೇರವಾಗಿತ್ತು.

ಆಗಲೇ ಇನ್ನೊಂದು ಮಾತೂ ಬಂತು. ಹತ್ತನೇ ತರಗತಿಯ ಹುಡುಗಿಯೊಬ್ಬಳು ಎದ್ದು ನಿಂತು, "ಆದ್ರೆ ಸಾರ್, ಹೆಣ್ಣುಮಕ್ಕಳ ಮೇಲೆ ಕೈ ಮಾಡಿದವರನ್ನ ಗಾಂಧಿ ಸರ್ಕಲ್‌ನಲ್ಲಿ ನೇಣಿಗೆ ಹಾಕ್ಬೇಕು, ಎಲ್ಲರೂ ನೋಡ್ಬೇಕು" ಎಂದಳು. ಅರ್ಧ ತರಗತಿ ಹೌದೆಂದಿತು. ಅವಳ ಸಿಟ್ಟನ್ನು ತಳ್ಳಿಹಾಕುವ ಹಕ್ಕು ನನಗಿಲ್ಲ. 1985ರ ಒಂದು ತೀರ್ಪಿನ ಬಗ್ಗೆ ಹೇಳಿದೆ. ಸೊಸೆಯನ್ನು ಸುಟ್ಟು ಕೊಂದ ಪ್ರಕರಣ, ರಾಜಸ್ಥಾನದ ಹೈಕೋರ್ಟು ಅಪರಾಧಿಯನ್ನು ಜೈಪುರದ ಬಯಲಿನಲ್ಲಿ ಜನರೆದುರು ಗಲ್ಲಿಗೇರಿಸಬೇಕೆಂದು ಹೇಳಿತ್ತು. ಸುಪ್ರೀಂ ಕೋರ್ಟು ಅದನ್ನು ಒಪ್ಪಲಿಲ್ಲ. ಅಪರಾಧ ಎಷ್ಟೇ ಘೋರವಾಗಿರಲಿ, ಅದಕ್ಕೆ ಅಷ್ಟೇ ಕ್ರೂರವಾದ ಬಹಿರಂಗ ಗಲ್ಲು ಉತ್ತರವಲ್ಲ, ಅದು ಸಂವಿಧಾನದ 21ನೇ ವಿಧಿಗೆ ವಿರುದ್ಧ ಎಂದಿತು. ಹುಡುಗಿ ಒಪ್ಪಲಿಲ್ಲ. "ಹಾಗಾದ್ರೆ ಸೊಸೆಗೆ ಏನು ಸಿಕ್ತು ಸಾರ್?" ಎಂದು ಕೂತಳು. ನಾನೂ ಮೇಷ್ಟ್ರೂ ಅವಳ ಬಾಯಿ ಮುಚ್ಚಿಸಲಿಲ್ಲ. ನಾಟಕವನ್ನು ಕೊನೆಗೆ ಉಳಿಸಿದವಳು ಅವಳೇ.

ಉಪ್ಪು, ಎಣ್ಣೆ, ಅರಿಸಿನ

ಹತ್ತನೇ ತರಗತಿಯವರಿಗೆ ಹಲಗಲಿ ಬೇಡರ ಲಾವಣಿ ಪಾಠವಾಗಿತ್ತು. 1857ರಲ್ಲಿ ಜನರು ಆಯುಧ ಇಟ್ಟುಕೊಳ್ಳಬಾರದು ಎಂಬ ಕಾನೂನು ಬಂದಾಗ, ಈಗಿನ ಬಾಗಲಕೋಟೆ ಜಿಲ್ಲೆಯ ಹಲಗಲಿಯ ಬೇಡರು ಕತ್ತಿ, ಬಂದೂಕು ಕೊಡುವುದಿಲ್ಲ ಎಂದರು. ದಂಡು ಬಂದು ಊರು ಸುಟ್ಟಿತು. ಸಿಕ್ಕವರಲ್ಲಿ 13 ಜನರನ್ನು ಡಿಸೆಂಬರ್ 11ರಂದು ಮುಧೋಳದಲ್ಲಿ, 6 ಜನರನ್ನು ಡಿಸೆಂಬರ್ 14ರಂದು ಹಲಗಲಿಯಲ್ಲೇ ಗಲ್ಲಿಗೇರಿಸಿದರು. ಈ ಲಾವಣಿ ನಮಗೆ ಉಳಿದುಬಂದ ದಾರಿಯೂ ವಿಚಿತ್ರ. ಬ್ರಿಟಿಷ್ ಸರ್ಕಾರದ ಅಧಿಕಾರಿಯೇ ಆಗಿದ್ದ ಜೆ.ಎಫ್. ಫ್ಲೀಟ್ ಸಂಗ್ರಹಿಸಿದ ಕನ್ನಡ ಲಾವಣಿಗಳಲ್ಲಿ ಇದೂ ಒಂದು. ಗಲ್ಲು ಹಾಕಿದ ಸರ್ಕಾರದ ಕಡತದ ಪಕ್ಕದಲ್ಲೇ ಗಲ್ಲಿಗೇರಿದವರ ಹಾಡು ಕೂತಿತು.

ಮಾರನೇ ದಿನ ಆ ಹುಡುಗಿ ಪುಸ್ತಕ ಹಿಡಿದು ಬಂದಳು. ರಾತ್ರಿ ಮತ್ತೆ ಓದಿದಳಂತೆ. "ಸಾರ್, ಇದರಲ್ಲಿ ಗಲ್ಲು ಎಲ್ಲಿದೆ? ದಂಡಿನವರು ಏನೇನು ಹೊತ್ಕೊಂಡು ಹೋದ್ರು ಅಂತ ಬರೆದಿದೆ. ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ. ಬೀಸೋ ಕಲ್ಲನ್ನೂ ಬಿಟ್ಟಿಲ್ಲ."

ಮೇಷ್ಟ್ರು ವರ್ಷಾನುಗಟ್ಟಲೆ ಪಾಠ ಮಾಡಿದ್ದಾರೆ, ನಾನು ಹತ್ತು ಸಲ ಹಾಡಿಸಿದ್ದೇನೆ. ನಮ್ಮಿಬ್ಬರಿಗೂ ಅದು ಪಟ್ಟಿಯಾಗಿ ಕಂಡಿತ್ತು. ಅವಳಿಗೆ ಮನೆಯಾಗಿ ಕಂಡಿತು. ಬೀಸುವ ಕಲ್ಲು ಹೋದ ಮನೆಯಲ್ಲಿ ನಾಳೆ ಹಿಟ್ಟಿಲ್ಲ. ಲಾವಣಿ ಕಟ್ಟಿದವನು ಜನರ ನಡುವೆ ನಿಂತಿದ್ದವನು, ಅವನಿಗೆ ಸಾಹೇಬ ತೋರಿಸಿದ್ದನ್ನು ನೋಡುವ ಆಸೆ ಇರಲಿಲ್ಲ. ಅವನು ತಿರುಗಿ ಹಟ್ಟಿಯ ಕಡೆ ನೋಡಿದ.

ಅಲ್ಲಿಂದ ಕೆಲಸ ಬೇಗ ಬೇಗ ಆಯಿತು. ರಾಯಣ್ಣನ ಗಲ್ಲಿನ ಬದಲು, ಹಲಗಲಿಯವರನ್ನು ಮುಧೋಳದಲ್ಲಿ ಗಲ್ಲಿಗೇರಿಸಿದ ದಿನದ ಸಂತೆಯ ದೃಶ್ಯ ಕಟ್ಟಿದೆವು. ಮಕ್ಕಳು ಸಂತೆಗೆ ಬಂದ ಜನ. ಈರುಳ್ಳಿ ಮಾರುವವಳು, ಶೇಂಗಾ ತೂಗುವವನು, ಕುರಿ ತಂದವನು, ಉಪ್ಪು ಕೊಳ್ಳಲು ಬಂದ ಮುದುಕಿ. ಎಲ್ಲ ನಮ್ಮ ಸೀಮೆಯ ಸಂತೆಯದೇ ಮಾತು. ಡಂಗುರದವನು ಬಂದು ಸಾರುತ್ತಾನೆ: ಎಲ್ಲರೂ ಬಯಲಿಗೆ ಬರಬೇಕು, ನೋಡಬೇಕು, ಹುಕುಂ. ಅಲ್ಲಿಂದ ಮುಂದೆ ಒಬ್ಬೊಬ್ಬರೂ ಏನು ಮಾಡುತ್ತಾರೆ ಅನ್ನುವುದೇ ನಾಟಕ. ಒಬ್ಬ ತಕ್ಕಡಿ ಬಿಟ್ಟು ಓಡುತ್ತಾನೆ, ಜಾಗ ಹಿಡಿಯಲು. ಒಬ್ಬಳು ಮಗುವಿನ ಕಣ್ಣು ಮುಚ್ಚುತ್ತಾಳೆ. ಒಬ್ಬ ತನಗೆ ಆ ಹದಿಮೂರು ಜನರಲ್ಲಿ ಒಬ್ಬನ ಪರಿಚಯವಿದೆ ಎಂದು ಹೇಳಲು ಹೆದರುತ್ತಾನೆ. ಗಲ್ಲಿಗೇರಿಸುವ ಕೆಲಸಕ್ಕೆ ಹಿಡಿದುಕೊಂಡು ಬಂದ ಕೂಲಿಯವನು ಉಪ್ಪಿನ ಮುದುಕಿಯ ಹತ್ತಿರ ನೀರು ಕೇಳುತ್ತಾನೆ, ಅವಳು ಕೊಡಬೇಕೋ ಬೇಡವೋ ಎಂದು ಚೆಂಬು ಹಿಡಿದು ನಿಲ್ಲುತ್ತಾಳೆ. ಮೀಸೆ ತಿರುವುತ್ತಿದ್ದ ಹುಡುಗನೇ ಆ ಕೂಲಿಯವನಾದ. ಗಲ್ಲು ರಂಗದ ಮೇಲೆ ಇಲ್ಲ. ಅದು ಪ್ರೇಕ್ಷಕರ ಬೆನ್ನ ಹಿಂದೆ, ಶಾಲೆಯ ಗೇಟಿನ ಕಡೆ ಇದೆ ಎಂದು ಇಟ್ಟುಕೊಂಡೆವು. ಸಂತೆಯ ಜನ ಪ್ರೇಕ್ಷಕರ ತಲೆ ಮೇಲಿಂದ ಆ ಕಡೆ ನೋಡುತ್ತಾರೆ.

ಇದು ನಾವು ಕಂಡುಹಿಡಿದ ಹೊಸ ಉಪಾಯವೇನಲ್ಲ. ಗ್ರೀಕ್ ದುರಂತ ನಾಟಕಗಳಲ್ಲಿ ಸಾವು ಸಾಮಾನ್ಯವಾಗಿ ಒಳಗೆಲ್ಲೋ ನಡೆಯುತ್ತದೆ, ದೂತ ಬಂದು ಹೇಳುತ್ತಾನೆ. ನಮ್ಮ ನಾಟ್ಯಶಾಸ್ತ್ರವೂ ರಂಗದ ಮೇಲೆ ಸಾವು ತೋರಿಸುವುದು ಬೇಡ ಎನ್ನುತ್ತದೆ. ಸಾಣೇಹಳ್ಳಿಯ ಬಯಲು ರಂಗಮಂದಿರದಲ್ಲಿ ಕೂತು ನಾಟಕ ನೋಡಿ ಬೆಳೆದವನು ನಾನು, ಇದೆಲ್ಲ ಗೊತ್ತೂ ಇತ್ತು. ಶಾಲೆಯ ನಾಟಕ ಅಂದ ಕೂಡಲೇ ಯಾಕೋ ಮರೆತಿದ್ದೆ.

ಅಧ್ಯಕ್ಷರ ಮಾತು

ಎಸ್‌ಡಿಎಂಸಿ ಅಧ್ಯಕ್ಷರಿಗೆ ಬೇಸರವಾಯಿತು. "ಅಲ್ರೀ ಮೇಷ್ಟ್ರೇ, ರಾಯಣ್ಣನ ನಾಟಕ ಅಂತ ಊರಿಗೆಲ್ಲ ಹೇಳೀನಿ. ಈಗ ರಾಯಣ್ಣನೂ ಇಲ್ಲ, ಗಲ್ಲೂ ಇಲ್ಲ ಅಂದ್ರೆ ಜನ ನನ್ನ ಏನಂತಾರೆ?" ಅವರ ಮಾತಿನಲ್ಲಿ ನ್ಯಾಯ ಇತ್ತು. ಕೊಟ್ಟ ಮಾತು ಅವರದು. ಇದು ಯಾರ ಕಥೆ, ಅವರದನ್ನು ಬಿಟ್ಟು ಇವರದನ್ನು ಯಾಕೆ ಎಂಬ ಮಾತೂ ಊರಲ್ಲಿ ಸಣ್ಣಗೆ ಎದ್ದಿತ್ತು. ನಾವು ತಡವಾಗಿ ಹೇಳಿದ್ದು ತಪ್ಪು. ಹಗ್ಗ ತೆಗೆದ ದಿನವೇ ಅವರನ್ನು ಕರೆದು ಕೂರಿಸಿಕೊಳ್ಳಬೇಕಿತ್ತು. ಜನವರಿ ಎರಡನೇ ವಾರದಲ್ಲಿ ಹೇಳಿದೆವು.

ಮೂರು ದಿನ ಜಗ್ಗಾಡಿ ದಾರಿ ಸಿಕ್ಕಿದ್ದು ರಾಯಣ್ಣನಿಂದಲೇ. ನಂದಗಡದಲ್ಲಿ ಅವನ ಸಮಾಧಿಯ ಮೇಲೆ ದೊಡ್ಡ ಆಲದ ಮರ ಇದೆ. ಅವನ ಜೊತೆಗಾರನೊಬ್ಬ ನೆಟ್ಟದ್ದು ಎನ್ನುತ್ತಾರೆ. ಮಕ್ಕಳಾಗಲಿ, ರಾಯಣ್ಣನಂಥ ಮಗ ಹುಟ್ಟಲಿ ಎಂದು ಹರಕೆ ಹೊತ್ತು ಅಲ್ಲಿ ತೊಟ್ಟಿಲು ಕಟ್ಟುವುದುಂಟು. ಇದನ್ನು ಹೇಳಿದಾಗ ಅಧ್ಯಕ್ಷರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ, "ಮರದಿಂದ ಶುರು ಮಾಡ್ರಿ" ಎಂದರು. ಹಾಗೇ ಮಾಡಿದೆವು. ನಾಟಕ ಆಲದ ಮರದ ಕೆಳಗೆ ಶುರುವಾಗುತ್ತದೆ. ಹರಕೆಯ ಹೆಂಗಸಿಗೆ ಒಬ್ಬ ಮುದುಕ ರಾಯಣ್ಣನ ಕಥೆ ಹೇಳುತ್ತಾನೆ. ಮೊದಲ ನಾಲ್ಕು ದೃಶ್ಯ ಹಾಗೇ ಉಳಿದವು. ರಾಯಣ್ಣ ಸೆರೆಯಾಗುತ್ತಾನೆ, ಕೈ ಕಟ್ಟಿಸಿಕೊಂಡು ಪ್ರೇಕ್ಷಕರ ನಡುವೆಯೇ ನಡೆದು ಗೇಟಿನ ಕಡೆ ಹೋಗುತ್ತಾನೆ. ಅವನು ಹೋದ ದಾರಿಯಿಂದಲೇ, 26 ವರ್ಷ ಆದ ಮೇಲೆ, ಹಲಗಲಿಯ ಲಾವಣಿ ಒಳಗೆ ಬರುತ್ತದೆ.

ಜನವರಿ 26ರ ಸಂಜೆ

ಜನ ತುಂಬಿದ್ದರು. ಮೈಕ್ ಎರಡು ಸಲ ಕೈಕೊಟ್ಟಿತು. ಕಾಡಿನ ದೃಶ್ಯಕ್ಕೆ ಶಿಳ್ಳೆ ಬಿತ್ತು, ಬೀಳಲೇಬೇಕು, ಅದು ಶಿಳ್ಳೆಯ ದೃಶ್ಯವೇ. ರಾಯಣ್ಣ ಜನರ ನಡುವೆ ನಡೆದು ಹೊರಟಾಗ ಮೊದಲು ಒಂದಷ್ಟು ಚಪ್ಪಾಳೆ ಬಂತು. ಆಮೇಲೆ ಅದು ನಿಂತಿತು. ಅವನು ಪಕ್ಕದಲ್ಲೇ ಹಾದುಹೋಗುತ್ತಿದ್ದ, ಮುಟ್ಟುವಷ್ಟು ಹತ್ತಿರ. ಒಬ್ಬ ಹೆಂಗಸು ಕೈ ಚಾಚಿ ಅವನ ಭುಜ ಮುಟ್ಟಿದಳು. ಅದನ್ನು ನಾವು ಹೇಳಿಕೊಟ್ಟಿರಲಿಲ್ಲ.

ಸಂತೆಯ ದೃಶ್ಯದಲ್ಲಿ ಎಲ್ಲವೂ ಅಂದುಕೊಂಡ ಹಾಗೆ ಆಗಲಿಲ್ಲ. ಕುರಿ ತಂದಿದ್ದ ಹುಡುಗನ ಕುರಿ ನಿಜವಾದದ್ದು, ಅದು ಕೂಗಿಕೊಂಡಿತು, ಜನ ನಕ್ಕರು, ಡಂಗುರದ ಮಾತು ಅರ್ಧ ಕೇಳಿಸಲಿಲ್ಲ. ಹಿಂದೆ ಕೂತವರಿಗೆ ಏನು ನಡೆಯುತ್ತಿದೆ ಎಂದು ಅರ್ಥವಾಗಲು ಹೊತ್ತು ಹಿಡಿಯಿತು. ಆದರೆ ಸಂತೆಯ ಜನ ಒಬ್ಬೊಬ್ಬರಾಗಿ ಗೇಟಿನ ಕಡೆ ನೋಡತೊಡಗಿದಾಗ, ಪ್ರೇಕ್ಷಕರಲ್ಲಿ ಕೆಲವರು ತಿರುಗಿ ನೋಡಿದರು. ಅಲ್ಲಿ ಗೇಟು ಮತ್ತು ಕತ್ತಲೆ ಮಾತ್ರ ಇತ್ತು. ಅವರು ಮತ್ತೆ ಈ ಕಡೆ ತಿರುಗಿದಾಗ ಮೈದಾನದಲ್ಲಿ ಸದ್ದಿರಲಿಲ್ಲ. ಮುದುಕಿ ಪಾತ್ರದ ಹುಡುಗಿ ಚೆಂಬಿನ ನೀರನ್ನು ಕೂಲಿಯವನಿಗೆ ಕೊಡಲಿಲ್ಲ, ಚೆಲ್ಲಲೂ ಇಲ್ಲ. ನೆಲದ ಮೇಲಿಟ್ಟಳು. ಅಭ್ಯಾಸದಲ್ಲಿ ಪ್ರತಿ ಸಲ ಕೊಟ್ಟಿದ್ದಳು. ಆಮೇಲೆ ಎಲ್ಲರೂ ಕೂಡಿ ಉಪ್ಪು, ಎಣ್ಣೆ, ಅರಿಸಿನ, ಜೀರಿಗೆ ಎಂದು ಒಂದೊಂದೇ ವಸ್ತುವಿನ ಹೆಸರು ಹೇಳಿ, ತಮ್ಮ ತಮ್ಮ ಬುಟ್ಟಿ ಖಾಲಿ ಮಾಡಿ ಹೋದರು.

ನಾಟಕ ಮುಗಿದ ಮೇಲೆ ಮುಂದಿನ ಸಾಲಿನಲ್ಲಿ ಕೂತಿದ್ದ ಕೆಲವು ಹಿರಿಯರು ನೇರವಾಗಿಯೇ ಹೇಳಿದರು: ಗಲ್ಲೇ ತೋರಿಸದ ರಾಯಣ್ಣನ ನಾಟಕ ನೋಡಿದ್ದು ಇದೇ ಮೊದಲು, ಸಮಾಧಾನ ಆಗಲಿಲ್ಲ. ಅಧ್ಯಕ್ಷರು ಅವರ ಜೊತೆ ವಾದಕ್ಕೆ ಇಳಿದಿದ್ದರು, ಅದನ್ನು ನೋಡಿ ನನಗೆ ಗಂಟಲು ಕಟ್ಟಿತು. ಊರಿನ ಭಜನೆ ಮೇಳದ ಒಬ್ಬ ಅಜ್ಜ ಮಾತ್ರ ಮಕ್ಕಳನ್ನು ಕರೆದು ಸಂತೆಯ ಹಾಡನ್ನು ಇನ್ನೊಮ್ಮೆ ಹೇಳಿಸಿಕೊಂಡು, ಅದಕ್ಕೆ ದಮ್ಮಡಿ ಹಿಡಿದರು.

ಎರಡು ದಿನ ಬಿಟ್ಟು ರಾಯಣ್ಣನ ಹುಡುಗನನ್ನು ಕೇಳಿದೆ, ಈ ಸಲ ಹೇಗನ್ನಿಸಿತು ಅಂತ. "ಗೇಟ್ ದಾಟಿದ್ ಮೇಲೆ ಕತ್ಲೇಲಿ ಒಬ್ಬನೇ ನಿಂತಿದ್ದೆ ಸಾರ್. ಒಳಗಡೆ ಯಾರೂ ಮಾತಾಡ್ತಿರ್ಲಿಲ್ಲ. ನನಗೋಸ್ಕರ ಸುಮ್ನಿದಾರೆ ಅನ್ನಿಸ್ತು."

ಈಗ ನೋಡಿದರೆ

ನಾನು ಇನ್ನೊಂದು ಶಾಲೆಗೆ ಹೋದರೆ ಏನನ್ನು ಬೇರೆ ರೀತಿ ಮಾಡುತ್ತೇನೆ ಎಂದು ಕೇಳಿಕೊಂಡಿದ್ದೇನೆ. ಹಗ್ಗದ ವಿಷಯ ಮೊದಲ ದಿನವೇ ಹೇಳುತ್ತೇನೆ, ಬೆಂಚು ಅಲುಗಾಡುವ ತನಕ ಕಾಯುವುದಿಲ್ಲ. ದೃಶ್ಯವನ್ನು ಕಿರಿಯ ತರಗತಿಯವರ ಮುಂದೆ ಬೇಗ ಇಡುತ್ತೇನೆ, ಯಾಕೆಂದರೆ ನಮ್ಮ ತಪ್ಪು ನಮಗೆ ಕಂಡದ್ದು ಅವರ ಶಿಳ್ಳೆಯಿಂದ. ಊರಿನವರನ್ನು ಮೊದಲೇ ಜೊತೆಗೆ ಕರೆದುಕೊಳ್ಳುತ್ತೇನೆ. ಗಲ್ಲಿನ ದೃಶ್ಯ ಬರೆಯಲು ಕೂತಾಗ ಯಾರ ಕಣ್ಣಿನಿಂದ ಬರೆಯುತ್ತಿದ್ದೇನೆ ಎಂದು ಮೊದಲು ನೋಡಿಕೊಳ್ಳುತ್ತೇನೆ. ನಿಂತವನದೋ, ನೋಡುವವರದೋ, ಕೈ ನಡುಗುವ ಕೂಲಿಯವನದೋ. ಸಾಹೇಬನದಂತೂ ಬೇಡ. ಕಲ್ಯಾಣದ ಶರಣರಾದ ಹರಳಯ್ಯ, ಮಧುವರಸರನ್ನು ಆನೆ ಕಾಲಿಗೆ ಕಟ್ಟಿ ಎಳೆಸಿದ ಎಳೆಹೂಟೆಯ ಕಥೆಗೂ ಇದೇ ಪ್ರಶ್ನೆ ಬರುತ್ತದೆ. ನಮ್ಮ ಕಡೆ ಶರಣರ ನಾಟಕ ಮಾಡುವವರು ಬಹಳ ಜನ ಇದ್ದಾರೆ, ಆನೆ ಎಳೆದದ್ದನ್ನು ಹೇಗೆ ತೋರಿಸೋಣ ಎಂದು ನನ್ನನ್ನು ಕೇಳಿದವರೂ ಇದ್ದಾರೆ. ಕಲ್ಯಾಣದ ಬೀದಿಯಲ್ಲಿ ಅವತ್ತು ಅಂಗಡಿ ತೆರೆದಿದ್ದವರು ಏನು ಮಾಡಿದರು ಎಂದು ಯೋಚಿಸಿ ಎಂದು ಈಗ ಹೇಳುತ್ತೇನೆ.

ಒಂದು ಮಾತ್ರ ಬಗೆಹರಿದಿಲ್ಲ. ಮುಂದಿನ ವರ್ಷ ಈಸೂರಿನ ನಾಟಕ ಮಾಡೋಣ ಎಂದು ಮಕ್ಕಳೇ ಹೇಳಿದ್ದಾರೆ. ಹೊನ್ನಾಳಿ ದಾಟಿ ಶಿಕಾರಿಪುರದ ಕಡೆ ಹೋದರೆ ಈಸೂರು, ನಮಗೆ ಹತ್ತಿರದ್ದೇ. 1942ರಲ್ಲಿ ಏಸೂರು ಕೊಟ್ಟರೂ ಈಸೂರು ಕೊಡೆವು ಎಂದು ನಿಂತ ಊರು. ಐದು ಜನರನ್ನು 1943ರ ಮಾರ್ಚ್‌ನಲ್ಲಿ ಗಲ್ಲಿಗೇರಿಸಿದರು, ಆದರೆ ಬೆಂಗಳೂರಿನ ಜೈಲಿನೊಳಗೆ. ಅಲ್ಲಿ ಸಂತೆ ಇಲ್ಲ, ಡಂಗುರ ಇಲ್ಲ, ನೋಡಲು ಊರಿನವರಿಲ್ಲ. ನಾವು ಕಲಿತ ದಾರಿ ಅಲ್ಲಿಗೆ ಹೋಗುವುದಿಲ್ಲ. ಮೊನ್ನೆ ಮೇಷ್ಟ್ರು, ನಾನು, ಮಕ್ಕಳು ಅದೇ ಬೇವಿನ ಮರದ ಕೆಳಗೆ ಕೂತು ಎಲ್ಲಿಂದ ಶುರು ಮಾಡುವುದು ಎಂದು ತಲೆ ಕೆಡಿಸಿಕೊಂಡಿದ್ದೆವು. ಲಾವಣಿಯಲ್ಲಿ ಬೀಸುವ ಕಲ್ಲು ಹುಡುಕಿದ ಹುಡುಗಿ ಈಗ ಪಿಯುಸಿ ಓದುತ್ತಿದ್ದಾಳೆ, ಸುಮ್ನೆ ನೋಡಲು ಬಂದಿದ್ದಳು.

"ಐದು ಮನೆ ಇಡಿ ಸಾರ್," ಎಂದಳು. "ಬೆಂಗ್ಳೂರಿಂದ ಕಾಗದ ಇನ್ನೂ ಬಂದಿಲ್ಲ."